ಕ್ಲೋಸ್ಡ್ ಬ್ಯಾಕ್ ಹೆಡ್‌ಫೋನ್: 7506, ಎಂ50ಎಕ್ಸ್, ಡಿಟಿ 770, ಕೆ371. ಚಂಡೆ, ಚಕ್ರತಾಳ ಹಾಕಿ ಕೇಳಿದಾಗ

ತಾಳಮದ್ದಳೆ

ನಮಸ್ಕಾರ. ತಾಳಮದ್ದಳೆ ಕೂಟಗಳನ್ನು ರೆಕಾರ್ಡ್ ಮಾಡಿ ಎಡಿಟ್ ಮಾಡುವುದು ನನ್ನ ಹುಚ್ಚು. ಮನೆಯವರೆಲ್ಲ ಮಲಗಿದ ಮೇಲೆ ಮಾಡುವ ಕೆಲಸ. ಕಪ್ಪಿನ ಹಿಂಬದಿ ತೆರೆದಿರುವ ಓಪನ್ ಬ್ಯಾಕ್ ಹೆಡ್‌ಫೋನ್ ಹಾಕಿಕೊಂಡರೆ ಪಕ್ಕದಲ್ಲಿ ಮಲಗಿದವರಿಗೂ ಪ್ರಸಂಗ ಕೇಳಿಸುತ್ತದೆ. ಹಾಗಾಗಿ ಹಿಂಬದಿ ಮುಚ್ಚಿರುವ ಕ್ಲೋಸ್ಡ್ ಬ್ಯಾಕೇ ಗತಿ. ಸ್ನೇಹಿತರಿಂದ ಕಡ ತಂದದ್ದೂ ಸೇರಿ ಈಗ ಮೇಜಿನ ಮೇಲೆ ನಾಲ್ಕು ಇವೆ: ಸೋನಿ ಎಂಡಿಆರ್-7506, ಆಡಿಯೊ-ಟೆಕ್ನಿಕಾ ಎಟಿಎಚ್-ಎಂ50ಎಕ್ಸ್, ಬೇಯರ್‌ಡೈನಾಮಿಕ್ ಡಿಟಿ 770 ಪ್ರೊ (80 ಓಮ್; ಓಮ್ ಅಂದರೆ ಕರೆಂಟಿಗೆ ಒಡ್ಡುವ ತಡೆಯ ಅಳತೆ), ಎಕೆಜಿ ಕೆ371. ವಾಪಸ್ ಕೊಡುವ ಮೊದಲು ಕೇಳಿದ್ದನ್ನು ಬರೆದಿಡೋಣ ಅಂತ.

ಇಂಗ್ಲಿಷ್ ರಿವ್ಯೂಗಳಲ್ಲಿ ಅದೇ ರಾಕ್, ಅದೇ ಜಾಝ್ ಹಾಕಿ ಕೇಳಿರುತ್ತಾರೆ. ನನಗೆ ಅದರಿಂದ ಏನೂ ತಿಳಿಯುವುದಿಲ್ಲ. ನಾನು ಹಾಕಿದ್ದು ನನ್ನದೇ ರೆಕಾರ್ಡಿಂಗಿನ ಒಂದು ತುಣುಕು. ಶ್ರುತಿಯ ಮೇಲೆ ಭಾಗವತರ ಪದ್ಯ, ಮದ್ದಳೆ, ಆಮೇಲೆ ಚಂಡೆ ಮತ್ತು ಚಕ್ರತಾಳ ಸೇರಿಕೊಳ್ಳುವ ಜಾಗ, ಕೊನೆಗೆ ಅರ್ಥಧಾರಿಯ ಮಾತು. ಮಾತಿನ ಭಾಗ ಬೇಕೇ ಬೇಕು. ಮನುಷ್ಯರ ದನಿ ಹೇಗಿರುತ್ತದೆ ಅಂತ ಕಿವಿಗೆ ಯಾರೂ ಕಲಿಸಬೇಕಿಲ್ಲ, ಸುಳ್ಳು ಬೇಗ ಗೊತ್ತಾಗುತ್ತದೆ.

7506: 1991ರಿಂದ ಬರುತ್ತಿರುವ ಮಾಡೆಲ್. 63 ಓಮ್, 40 ಮಿ.ಮೀ. ಡ್ರೈವರ್ (ಸದ್ದು ಹೊರಡಿಸುವ ಒಳಗಿನ ಪುಟ್ಟ ಸ್ಪೀಕರ್), ಸುರುಳಿ ಕೇಬಲ್. ಅರ್ಥಧಾರಿ ಉಸಿರೆಳೆದದ್ದು, ತುಟಿ ಒದ್ದೆ ಮಾಡಿಕೊಂಡದ್ದು, ಯಾರದೋ ಕಾಲು ಮೈಕ್ ಸ್ಟ್ಯಾಂಡಿಗೆ ತಾಗಿದ್ದು, ಎಲ್ಲ ಬಿಚ್ಚಿಟ್ಟ ಹಾಗೆ ಕೇಳುತ್ತದೆ. ಎಡಿಟಿಂಗ್‌ಗೆ ಇದಕ್ಕಿಂತ ಒಳ್ಳೆಯದು ಬೇಡ. ಆದರೆ ಸ, ಶ ಬಂದಲ್ಲೆಲ್ಲ ಚುಚ್ಚುತ್ತದೆ. ‘ಸಭೆಯಲ್ಲಿ ಶಕುನಿ’ ಅಂದರೆ ಎರಡು ಸೂಜಿ. ಚಂಡೆ ಏರಿದಾಗ ಕೈ ತಾನಾಗಿ ವಾಲ್ಯೂಮ್ ಕಡೆ ಹೋಗುತ್ತದೆ.

ಎಂ50ಎಕ್ಸ್: 38 ಓಮ್, 45 ಮಿ.ಮೀ. ಡ್ರೈವರ್, 2014ರದ್ದು. ಹಾಕಿದ ಕೂಡಲೇ ಖುಷಿ ಕೊಡುವುದು ಇದೇ. ಮದ್ದಳೆ ದಪ್ಪಗೆ ಬರುತ್ತದೆ. ಸ್ವಲ್ಪ ಜಾಸ್ತಿಯೇ ದಪ್ಪ. ಆವತ್ತು ನಾನು ಮದ್ದಳೆಯ ಎದುರಿಗೇ ಕೂತಿದ್ದೆ, ಅಷ್ಟು ತೂಕ ಅಲ್ಲಿ ಇರಲಿಲ್ಲ. ಗಂಡು ದನಿಗೂ ಅದೇ ತೂಕ ಮೆತ್ತಿಕೊಳ್ಳುತ್ತದೆ. ಇದನ್ನು ನಂಬಿ ಮಿಕ್ಸ್ ಮಾಡಿದರೆ ಕೆಳಗಿನ ಸ್ವರ ಕಡಿಮೆ ಮಾಡಿಬಿಡುತ್ತೇವೆ, ಆಮೇಲೆ ಫೋನ್ ಸ್ಪೀಕರ್‌ನಲ್ಲಿ ಕೇಳಿದರೆ ಎಲ್ಲ ತೆಳ್ಳಗೆ.

ಡಿಟಿ 770: ಜರ್ಮನಿಯ ಹೈಲ್‌ಬ್ರಾನ್‌ನ ಕಂಪನಿ, 1985ರಿಂದ ಬರುತ್ತಿರುವ ವಿನ್ಯಾಸ. ಬೂದು ಬಣ್ಣದ ವೆಲೂರ್ (ಮಖಮಲ್ಲಿನಂಥ ಬಟ್ಟೆ) ಪ್ಯಾಡ್. ಹಾಕಿಕೊಂಡಿದ್ದೇ ಮರೆತುಹೋಗುತ್ತದೆ. ಕ್ಲೋಸ್ಡ್ ಆದರೂ ಜಾಗ ಅಗಲವಾಗಿ ಕೇಳುತ್ತದೆ: ಭಾಗವತರು ನಡುವೆ, ಮದ್ದಳೆ ಒಂದು ಕಡೆ, ಚಂಡೆ ಇನ್ನೊಂದು ಕಡೆ, ನಡುವೆ ಗಾಳಿ. ಆಳದ ಬಾಸ್ ಇದೆ, ಮೇಲೆ ಹೊಳಪಿದೆ, ದನಿ ಮಾತ್ರ ಒಂದು ಹೆಜ್ಜೆ ಹಿಂದೆ. ಹೊಳಪು ಇರುವುದು 8 ಕಿಲೋಹರ್ಟ್ಝ್ ಆಸುಪಾಸು. ಚಕ್ರತಾಳ ಸರಿಯಾಗಿ ಅಲ್ಲೇ ಹೋಗಿ ಕೂರುತ್ತದೆ. ಹತ್ತು ನಿಮಿಷ ಚಂದ, ಮೂರು ಗಂಟೆಯ ಪ್ರಸಂಗಕ್ಕೆ ತಲೆನೋವು.

ಕೆ371: 2019ರದ್ದು, 32 ಓಮ್, 50 ಮಿ.ಮೀ. ಡ್ರೈವರ್. ಹಾರ್ಮನ್ ಸಂಸ್ಥೆಯಲ್ಲಿ ಶಾನ್ ಆಲಿವ್, ಟಾಡ್ ವೆಲ್ಟಿ ಮತ್ತು ಅವರ ತಂಡ ಬೇರೆ ಬೇರೆ ಕೇಳುಗರನ್ನು ಕೂರಿಸಿ, ಯಾವ ಹೆಡ್‌ಫೋನ್ ಅಂತ ಹೇಳದೆ, ಜಾಸ್ತಿ ಜನರಿಗೆ ಯಾವ ಟ್ಯೂನಿಂಗ್ ಹಿಡಿಸುತ್ತದೆ ಅಂತ ಪರೀಕ್ಷೆ ಮಾಡಿದ್ದರಲ್ಲ, ಆ ‘ಹಾರ್ಮನ್ ಕರ್ವ್’ಗೆ ಬಹಳ ಹತ್ತಿರ ಮಾಡಿದ್ದು ಇದು. ಭಾಗವತರ ದನಿ ನನಗೆ ಪರಿಚಯದ್ದು, ಅದು ಅದರಂತೆಯೇ ಕೇಳಿದ್ದು ಇದರಲ್ಲಿ. ಆದರೆ ಒಂದು ಸಾರಿ ಹಾಕಿದಾಗ ಬಾಸ್ ಇರುತ್ತದೆ, ಇನ್ನೊಂದು ಸಾರಿ ಹಾಕಿದರೆ ಇರುವುದಿಲ್ಲ. ಯಾಕೆ ಹೀಗೆ?

ಒಂದನ್ನೇ ಇಟ್ಟುಕೊಳ್ಳಬೇಕು. ಏನಂತೀರಿ?

ಓಮ್ ನಿಯಮ

ಚೆನ್ನಾಗಿ ಬರೆದಿದ್ದೀರಿ. ಒಂದು ಪ್ರಶ್ನೆ: ನಾಲ್ಕರ ವಾಲ್ಯೂಮ್ ಸಮ ಮಾಡಿ ಕೇಳಿದ್ದೀರಾ? ಇಲ್ಲದಿದ್ದರೆ ಈ ಹೋಲಿಕೆಗೆ ಅರ್ಥ ಇಲ್ಲ.

ಯಾಕೆಂದರೆ ಒಂದೇ ಜ್ಯಾಕಿಗೆ, ಅದೇ ವಾಲ್ಯೂಮಿಗೆ ಚುಚ್ಚಿದರೂ ಇವುಗಳ ಸದ್ದು ಬೇರೆ ಬೇರೆ. ಕಂಪನಿಗಳು ಕೊಡುವ ಅಂಕಿ ತೆಗೆದುಕೊಳ್ಳಿ. 7506ಗೆ 1 ಮಿಲಿವಾಟಿಗೆ 106 ಡೆಸಿಬೆಲ್, ಎಂ50ಎಕ್ಸ್‌ಗೆ 99, ಡಿಟಿ 770ಗೆ 96. ಓಮ್ ಲೆಕ್ಕ ಹಿಡಿದರೆ 7506ಗೆ ಆ ಒಂದು ಮಿಲಿವಾಟ್ ಸಿಗುವುದು ಸುಮಾರು 0.25 ವೋಲ್ಟಿಗೆ. ಅದೇ ವೋಲ್ಟೇಜನ್ನು 80 ಓಮಿನ ಡಿಟಿ 770ಗೆ ಕೊಟ್ಟರೆ ಬರುವುದು 95 ಡೆಸಿಬೆಲ್. ಹನ್ನೊಂದು ಡೆಸಿಬೆಲ್ ವ್ಯತ್ಯಾಸ. ಒಂದೆರಡು ಡೆಸಿಬೆಲ್ ಜೋರಾದರೂ ಸಾಕು, ನಮಗೆ ಅದು ‘ಜೋರು’ ಅಂತ ಅನಿಸುವುದೇ ಇಲ್ಲ, ‘ಸ್ಪಷ್ಟ’ ಅನಿಸುತ್ತದೆ, ‘ವಿವರ ಜಾಸ್ತಿ’ ಅನಿಸುತ್ತದೆ. ಅಂಗಡಿಯವರಿಗೆ ಇದು ಚೆನ್ನಾಗಿ ಗೊತ್ತು.

ಜತೆಗೆ ಇನ್ನೊಂದು. ಸದ್ದು ಕಡಿಮೆ ಇದ್ದಾಗ ಕಿವಿಗೆ ಬಾಸ್ ಇನ್ನೂ ಕಡಿಮೆ ಕೇಳುತ್ತದೆ. ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ಅಳೆದು ಹೇಳಿದ್ದು. ಮೆಲ್ಲಗೆ ಕೇಳಿದ ಹೆಡ್‌ಫೋನನ್ನು ‘ಬಾಸ್ ಇಲ್ಲ’ ಅಂತ ಬೈದುಬಿಡುವುದು ಸುಲಭ.

ತಾಳಮದ್ದಳೆ

ಮಾಡಿದ್ದೇನೆ, ಹಳ್ಳಿ ವಿಧಾನದಲ್ಲಿ. ಒಂದು ದಪ್ಪ ರಟ್ಟಿಗೆ ತೂತು ಕೊರೆದು, ಫೋನಿನ ಮೈಕ್ ಆ ತೂತಿಗೆ ಬರುವ ಹಾಗೆ ಟೇಪ್ ಹಚ್ಚಿದೆ. ಈ ಕಡೆಯಿಂದ ಹೆಡ್‌ಫೋನಿನ ಒಂದು ಕಪ್ ಒತ್ತಿ ಹಿಡಿದು, ನಾಯ್ಸ್ ಹಾಕಿ, ನಾಲ್ಕಕ್ಕೂ ಮೀಟರ್ ಆ್ಯಪ್‌ನಲ್ಲಿ ಒಂದೇ ಅಂಕಿ ಬರುವಂತೆ ವಾಲ್ಯೂಮ್ ಗುರುತು ಹಾಕಿಕೊಂಡೆ. ನಾಯ್ಸ್ 500ರಿಂದ 2000 ಹರ್ಟ್ಝ್ ನಡುವಿನದ್ದು ಮಾತ್ರ. ಬಾಸ್ ಸೇರಿಸಿದರೆ ರಟ್ಟಿನ ಸಂದಿಯಲ್ಲಿ ಸೋರಿ ಲೆಕ್ಕ ಕೆಡುತ್ತದೆ.

ಓಮ್ ನಿಯಮ

ಭೇಷ್. ಮಧ್ಯದ ಸ್ವರಗಳ ಮಟ್ಟ ಸರಿ ಮಾಡಲು ಅಷ್ಟು ಸಾಕು. ಇನ್ನು ಸಮಾಧಾನವಾಗಿ ಜಗಳ ಆಡಬಹುದು.

ಕನ್ನಡಕದವಳು

ಕೆ371ರ ಬಾಸ್ ಬರುವುದು ಹೋಗುವುದು ಯಾಕೆ ಅಂತ ಕೇಳಿದಿರಲ್ಲ. ನೀವು ಕನ್ನಡಕ ಹಾಕುತ್ತೀರಾ?

ನಾನು ಹಾಕುತ್ತೇನೆ, ಕಿವಿಯಲ್ಲಿ ಓಲೆಯೂ ಇದೆ. ಹೆಡ್‌ಫೋನ್ ರಿವ್ಯೂ ಬರೆಯುವ ಗಂಡಸರಿಗೆ ಓಲೆ ಅನ್ನೋದು ಜಗತ್ತಿನಲ್ಲಿ ಇದೆ ಅಂತಲೇ ಗೊತ್ತಿಲ್ಲ. ಎಂ50ಎಕ್ಸ್ ಪ್ಯಾಡಿನ ಒಳಗಿನ ತೂತು ಚಿಕ್ಕದು, ಕಿವಿ ಪೂರ್ತಿ ಒಳಗೆ ಹೋಗುವುದಿಲ್ಲ. ಓಲೆಯ ತಿರುಪು ಕಿವಿಯ ಹಿಂದೆ ಕುತ್ತುತ್ತದೆ. ಅರ್ಧ ಗಂಟೆಗೆ ಸಾಕಾಯಿತು. ಓಲೆ ಬಿಚ್ಚಿಟ್ಟು ಹೆಡ್‌ಫೋನ್ ಹಾಕಿಕೊಳ್ಳಬೇಕು ಅಂದರೆ ಅತ್ತೆ ಕೇಳುವ ಪ್ರಶ್ನೆಗೆ ಬೇರೆ ಉತ್ತರ ಹೇಳಬೇಕು. ಡಿಟಿ 770ರಲ್ಲಿ ಒಳಗೆ ಜಾಗ ಇದೆ, ಕಿವಿ, ಓಲೆ ಎರಡೂ ಹಿಡಿಸುತ್ತವೆ.

ಇನ್ನು ಕನ್ನಡಕ. ಕನ್ನಡಕದ ಕಡ್ಡಿ ಪ್ಯಾಡನ್ನು ಎತ್ತಿ ಹಿಡಿಯುತ್ತದೆ. ಕಿವಿಯ ಹಿಂದೆ ಸಣ್ಣ ಸಂದಿ. ಅಷ್ಟು ಸಾಕು, ಬಾಸ್ ಅಲ್ಲಿಂದ ಹೊರಟುಹೋಗುತ್ತದೆ. ಒಮ್ಮೆ 50 ಹರ್ಟ್ಝ್ ಟೋನ್ ಹಾಕಿ ಕೇಳಿ. ಹೆಡ್‌ಫೋನ್ ಹಾಕಿಕೊಂಡೇ ಕನ್ನಡಕ ಮೆಲ್ಲಗೆ ಎಳೆದು ತೆಗೆಯಿರಿ. ಟೋನ್ ಜೋರಾದರೆ ಕಾರಣ ಸಿಕ್ಕಿತು.

ತಾಳಮದ್ದಳೆ

ಅಕ್ಕ, ಈಗಷ್ಟೇ ಮಾಡಿ ನೋಡಿದೆ. ಕೆ371ರಲ್ಲಿ ಕನ್ನಡಕ ತೆಗೆದ ಕೂಡಲೇ 50 ಹರ್ಟ್ಝ್ ಎದ್ದು ಕೂತಿತು! 7506ರಲ್ಲಿ ವ್ಯತ್ಯಾಸ ಕಡಿಮೆ. ಡಿಟಿ 770ರಲ್ಲಿ ಇನ್ನೂ ಕಡಿಮೆ.

ಓಮ್ ನಿಯಮ

ಯಾಕೆ ಅಂತಲೂ ಹೇಳಿಬಿಡುತ್ತೇನೆ. ಪ್ಯಾಡು, ತಲೆ, ಡ್ರೈವರ್ ಸೇರಿ ಒಂದು ಮುಚ್ಚಿದ ಪುಟ್ಟ ಕೋಣೆ ಆಗುತ್ತದೆ. ಕೆಳಗಿನ ಸ್ವರಗಳಲ್ಲಿ ಡ್ರೈವರ್ ಆ ಕೋಣೆಯ ಗಾಳಿಯನ್ನು ಒತ್ತಿ ಒತ್ತಿ ಬಿಡುತ್ತದೆ, ಆ ಒತ್ತಡವೇ ನಮಗೆ ಬಾಸ್. ಸಂದಿ ಇದ್ದರೆ ಗಾಳಿ ಅಲ್ಲಿಂದ ತಪ್ಪಿಸಿಕೊಳ್ಳುತ್ತದೆ. ಸ್ವರ ಕೆಳಗಿಳಿದಷ್ಟೂ ತಪ್ಪಿಸಿಕೊಳ್ಳಲು ಸಮಯ ಜಾಸ್ತಿ. ಹಾಗಾಗಿ ಭಾಗವತರ ದನಿಗೆ ಏನೂ ಆಗುವುದಿಲ್ಲ, ಮದ್ದಳೆಯ ತಳ ಮಾತ್ರ ಹೋಗುತ್ತದೆ. ಕನ್ನಡಕ, ಜಡೆ, ಗಡ್ಡ, ದವಡೆಯ ಆಕಾರ, ಎಲ್ಲ ಲೆಕ್ಕಕ್ಕೆ ಬರುತ್ತವೆ. ವೆಲೂರ್ ಪ್ಯಾಡ್ ಮೊದಲೇ ಸ್ವಲ್ಪ ಗಾಳಿ ಬಿಡುತ್ತದೆ, ಡಿಟಿ 770ರ ಟ್ಯೂನಿಂಗ್‌ನಲ್ಲಿ ಅದನ್ನು ಲೆಕ್ಕ ಹಾಕಿಯೇ ಇಟ್ಟಿದ್ದಾರೆ. ಕನ್ನಡಕದ ಕಡ್ಡಿ ಆ ಮೆತ್ತನೆಯ ಬಟ್ಟೆಯೊಳಗೆ ಹುದುಗಿಹೋಗುತ್ತದೆ.

ಆದ್ದರಿಂದ ‘ಕೆ371ರಲ್ಲಿ ಬಾಸ್ ಇಲ್ಲ’ ಅಂತ ಒಬ್ಬರು, ‘ಬಾಸ್ ಜಾಸ್ತಿ’ ಅಂತ ಇನ್ನೊಬ್ಬರು ಬರೆದಿದ್ದರೆ ಇಬ್ಬರದೂ ನಿಜ. ಅವರು ತಮ್ಮ ತಲೆಯ ರಿವ್ಯೂ ಬರೆದಿದ್ದಾರೆ ಅಷ್ಟೇ.

ಮಿಕ್ಸರ್ ಮಾವ

ಏನಪ್ಪಾ ಎಲ್ಲರೂ ರಾತ್ರಿ ಮನೇಲಿ ಕೂತು ಕೇಳೋರೇ? ಸ್ವಲ್ಪ ಬಯಲಿಗೂ ಬನ್ನಿ.

ನಾನು ಮೇಳ, ಆರ್ಕೆಸ್ಟ್ರಾ ಎರಡಕ್ಕೂ ಸೌಂಡ್ ಮಾಡುತ್ತೇನೆ. ಮಿಕ್ಸರ್ ಪಕ್ಕದಲ್ಲೇ ಸ್ಪೀಕರ್, ಆ ಕಡೆ ಜನರೇಟರ್. ಅಲ್ಲಿ ‘ಜಾಗ ಅಗಲ’, ‘ಗಾಳಿ’ ಇವೆಲ್ಲ ಯಾರಿಗೆ ಬೇಕು? ಹೊರಗಿನ ಸದ್ದು ಒಳಗೆ ಬರಬಾರದು, ಒಂದು ಮೈಕಿನಲ್ಲಿ ‘ಗುಂಯ್’ ಅಂದರೆ ಯಾವ ಮೈಕು ಅಂತ ತಕ್ಷಣ ತಿಳಿಯಬೇಕು, ಅಷ್ಟೇ. ನನ್ನ ಕುತ್ತಿಗೆಯಲ್ಲಿ ಸದಾ ಇರುವುದು ಸೆನ್‌ಹೈಸರ್ ಎಚ್‌ಡಿ 25. 1988ರಿಂದ ಬರುತ್ತಿದೆ, 70 ಓಮ್. ಕಿವಿಯ ಮೇಲೆ ಕೂರುವ ಜಾತಿ. ಒಂದು ಕಪ್ಪನ್ನು ಹಿಂದಕ್ಕೆ ತಿರುಗಿಸಿ ಇಟ್ಟುಕೊಳ್ಳಬಹುದು, ಇನ್ನೊಂದು ಕಿವಿಗೆ ಸ್ಟೇಜ್. ಕೇಬಲ್ಲು, ಪ್ಯಾಡು, ಕಪ್ಪು ಎಲ್ಲ ಬಿಡಿಬಿಡಿಯಾಗಿ ಬದಲಿಸಬಹುದು. ಕಿವಿ ನೋಯುತ್ತದೆ, ಹೌದು. ನೋಯಲಿ.

ಅದೇ ಕಂಪನಿಯ ಎಚ್‌ಡಿ 280 ಪ್ರೊ ಇನ್ನೂ ಗಟ್ಟಿ ಮುಚ್ಚುತ್ತದೆ. 32 ಡೆಸಿಬೆಲ್ ತನಕ ಹೊರಗಿನ ಸದ್ದು ತಡೆಯುತ್ತದೆ ಅಂತ ಕಂಪನಿಯೇ ಹೇಳುತ್ತದೆ. ಡಿಟಿ 770ಗೆ ಹೇಳುವುದು ಸುಮಾರು 18. ಈ ಅಂಕಿ ಎಲ್ಲ ಸ್ವರಕ್ಕೂ ಒಂದೇ ಥರ ಇರುವುದಿಲ್ಲ. ಚಕ್ರತಾಳ ತಡೆಯುತ್ತದೆ, ಜನರೇಟರಿನ ಗುಡುಗುಡು ಅಷ್ಟು ಸುಲಭಕ್ಕೆ ತಡೆಯುವುದಿಲ್ಲ. 280 ತಲೆಯನ್ನು ಹಿಡಿಯುವ ಬಿಗಿ ಮಾತ್ರ ಅಡಕತ್ತರಿಯದ್ದು.

ನಾಲ್ಕರಲ್ಲಿ ಒಂದು ಅಂದರೆ 7506 ಇಟ್ಟುಕೋ. ಚುಚ್ಚುವುದಕ್ಕೇ ಅದು ಇರುವುದು. ಚುಚ್ಚಿದರೆ ತಾನೇ ತಪ್ಪು ಗೊತ್ತಾಗೋದು?

ಶ್ರುತಿ ಸೇರಿದೆ

ಮಿಕ್ಸರ್ ಮಾವನವರ ಮಾತಿಗೆ ಹಾಡುವವರ ಕಡೆಯಿಂದ ಒಂದು ಸೇರಿಸುತ್ತೇನೆ. ಧಾರವಾಡದಲ್ಲಿ ಖಯಾಲ್ ಕಲಿಯುತ್ತಿದ್ದೇನೆ, ರಿಯಾಜ್ ರೆಕಾರ್ಡ್ ಮಾಡಿ ಗುರುಗಳಿಗೆ ಕಳಿಸಬೇಕು.

ಹೆಡ್‌ಫೋನಿನಲ್ಲಿ ತಂಬೂರಿ ಹಾಕಿಕೊಂಡು ಹಾಡುವಾಗ ಎರಡು ತೊಂದರೆ. ಎರಡೂ ಕಿವಿ ಮುಚ್ಚಿದರೆ ನನ್ನದೇ ದನಿ ತಲೆಯೊಳಗೆ ಗುಂಯ್‌ಗುಡುತ್ತದೆ. ಮೂಳೆಯ ಮೂಲಕ ಬರುವ ಸದ್ದು ಹೊರಗೆ ಹೋಗಲು ದಾರಿ ಇರುವುದಿಲ್ಲ. ಷಡ್ಜ ಸರಿ ಕೂತಿದೆಯೋ ಇಲ್ಲವೋ ತಿಳಿಯುವುದಿಲ್ಲ. ಅದಕ್ಕೆ ನಾವು ಒಂದು ಕಪ್ ಸರಿಸಿ ಅರ್ಧ ಕಿವಿ ತೆರೆದಿಡುತ್ತೇವೆ. ಆಗ ಆ ಕಪ್ಪಿನಿಂದ ತಂಬೂರಿ ಸೋರಿ ಮೈಕಿಗೆ ಹೋಗುತ್ತದೆ. ತಂಬೂರಿಯ ಜವಾರಿ, ಅಂದರೆ ತಂತಿಯ ಝೇಂಕಾರ, ಮೇಲಿನ ಸ್ವರಗಳಿಂದಲೇ ತುಂಬಿರುವುದರಿಂದ ಸೋರಿದ್ದು ತಗಡಿನ ಸದ್ದಿನ ಥರ ರೆಕಾರ್ಡ್ ಆಗುತ್ತದೆ. ಆಮೇಲೆ ಎಡಿಟ್‌ನಲ್ಲಿ ತೆಗೆಯಲು ಆಗುವುದೇ ಇಲ್ಲ. ನಾನು ಕಂಡುಕೊಂಡ ದಾರಿ ಇಷ್ಟು: ಸೌಂಡ್ ಕಾರ್ಡಿನ ಸಾಫ್ಟ್‌ವೇರಿನಲ್ಲಿ ಪ್ಯಾನ್ (ಸದ್ದನ್ನು ಎಡ-ಬಲಕ್ಕೆ ಹಂಚುವ ಗುಂಡಿ) ಪೂರ್ತಿ ಒಂದು ಕಡೆಗೆ ತಿರುಗಿಸಿ, ತೆರೆದ ಕಿವಿಯ ಕಪ್ಪಿಗೆ ಸದ್ದೇ ಹೋಗದ ಹಾಗೆ ಮಾಡುವುದು.

ಕೇಳುವುದಕ್ಕೆ ಬಂದರೆ, ತಂಬೂರಿಗೆ ಡಿಟಿ 770ರಷ್ಟು ಚಂದ ಬೇರೆ ಇಲ್ಲ ನನ್ನ ಪ್ರಕಾರ. ಜವಾರಿಯ ಎಳೆ ಎಳೆ ಬಿಡಿಸಿಟ್ಟ ಹಾಗೆ. ಅದು ಇದ್ದದ್ದಕ್ಕಿಂತ ಜಾಸ್ತಿ ತೋರಿಸುತ್ತಿದೆ ಅಂತ ಗೊತ್ತು. ಆದರೂ ಇಷ್ಟ.

500ಡಿ ಪ್ರಯಾಣಿಕ

ಸಿಲ್ಕ್ ಬೋರ್ಡ್ ಜಾಮ್‌ನಲ್ಲಿ ಕೂತು ಓದುತ್ತಿದ್ದೇನೆ. ಎಎನ್‌ಸಿ (ಹೊರಗಿನ ಸದ್ದನ್ನು ಎದುರು ಸದ್ದಿನಿಂದ ಅಡಗಿಸುವ ವ್ಯವಸ್ಥೆ) ಇರುವ ಬ್ಲೂಟೂತ್ ತಗೊಂಡರೆ ಇಷ್ಟೆಲ್ಲ ತಲೆಬಿಸಿ ಯಾಕೆ?

ಓಮ್ ನಿಯಮ

ಬಸ್ಸಿಗೆ ಅದೇ ಸರಿ. ಎಂಜಿನ್ನಿನ ತಳದ ಗುಡುಗು ಕಡಿಮೆ ಮಾಡಲು ಎಎನ್‌ಸಿ ಬೇಕೇ ಬೇಕು, ಬರೀ ಪ್ಯಾಡಿನಿಂದ ಆಗುವುದಿಲ್ಲ. ಎಡಿಟಿಂಗ್‌ಗೆ ಬ್ಲೂಟೂತ್ ಬೇಡ, ಸದ್ದು ತಡವಾಗಿ ಬಂದು ತುಟಿ ಒಂದು ಕಡೆ, ಮಾತು ಒಂದು ಕಡೆ ಆಗುತ್ತದೆ. ಹಾಡುತ್ತಾ ಕೇಳುವುದಕ್ಕಂತೂ ಸಾಧ್ಯವೇ ಇಲ್ಲ.

ರಾಯಚೂರು ಬಿಸಿಲು

ಪ್ಯಾಡಿನ ಬಗ್ಗೆ ಯಾರೂ ಸರಿಯಾಗಿ ಮಾತಾಡಿಲ್ಲ. ನಮ್ಮ ಕಡೆ ಏಪ್ರಿಲ್‌ನಲ್ಲಿ ಲೆದರೆಟ್ ಪ್ಯಾಡ್ ಹಾಕಿಕೊಳ್ಳುವುದು ಶಿಕ್ಷೆ. ಬೆವರು ಕುಡಿದು ಕುಡಿದು ಕರಿ ಪದರ ಸುಲಿಯುತ್ತದೆ, ಕಿವಿ ಸುತ್ತ ಕರಿ ಚೂರು ಅಂಟಿಕೊಂಡಿರುತ್ತದೆ. ಯಾವ ಕಂಪನಿಯದ್ದಾದರೂ ಅಷ್ಟೇ, ಬೇಗ ಇಲ್ಲ ಸ್ವಲ್ಪ ತಡ.

ಆಗ ಜನ ಏನು ಮಾಡುತ್ತಾರೆ? ಆನ್‌ಲೈನ್‌ನಲ್ಲಿ ಸಿಕ್ಕ ಅಗ್ಗದ ದಪ್ಪ ಪ್ಯಾಡ್ ತರಿಸಿ ಹಾಕುತ್ತಾರೆ. ಆಮೇಲೆ ‘ಸೌಂಡ್ ಹಾಳಾಯಿತು’ ಅನ್ನುತ್ತಾರೆ. ಪ್ಯಾಡ್ ದಪ್ಪ ಆದರೆ ಡ್ರೈವರ್ ಕಿವಿಯಿಂದ ದೂರ ಹೋಗುತ್ತದೆ, ಒಳಗಿನ ಜಾಗ ಬದಲಾಗುತ್ತದೆ, ಸೀಲ್ ಬದಲಾಗುತ್ತದೆ. ಅದು ಬೇರೆಯೇ ಹೆಡ್‌ಫೋನ್. ನನ್ನ 7506ಗೆ ಹಾಗೆ ಬೇರೆಯವರ ವೆಲೂರ್ ಹಾಕಿದೆ. ಸೆಕೆ ಕಡಿಮೆ ಆಯಿತು, ಸ-ಶ ಕೂಡ ಸ್ವಲ್ಪ ಮೆತ್ತಗಾಯಿತು, ಆದರೆ ಕೆಳಗಿನ ಬಾಸ್ ತೆಳುವಾಯಿತು. ನನಗೆ ಪರವಾಗಿಲ್ಲ, ನಾನು ಬರೀ ಮಾತು ಎಡಿಟ್ ಮಾಡುವವನು.

ಸೆಕೆಂಡ್ ಹ್ಯಾಂಡ್ ಹೆಡ್‌ಫೋನ್ ಹೋಲಿಸುವವರು ಮೊದಲು ಪ್ಯಾಡ್ ಒತ್ತಿ ನೋಡಿ. ಚಪ್ಪಟೆ ಆಗಿದ್ದರೆ ನೀವು ಕೇಳುತ್ತಿರುವುದು ಕಂಪನಿಯ ಟ್ಯೂನಿಂಗ್ ಅಲ್ಲ. ‘ಬರ್ನ್ ಇನ್’ ಅಂತ ನೂರು ಗಂಟೆ ಹಾಡು ಓಡಿಸಿ ಇಡುವವರು ಇದ್ದಾರಲ್ಲ, ಅವರಿಗೆ ಕೇಳುವ ಬದಲಾವಣೆಯಲ್ಲಿ ಬಹುಪಾಲು ಪ್ಯಾಡ್ ಮೆತ್ತಗಾಗಿದ್ದು, ಉಳಿದದ್ದು ಕಿವಿ ಒಗ್ಗಿದ್ದು. ಇದು ನನ್ನ ಅಭಿಪ್ರಾಯ, ಬೈಯಬೇಡಿ.

ಶ್ರುತಿ ಸೇರಿದೆ

ಯಾರಾದರೂ ಡಿಟಿ 770ರ 250 ಓಮ್ ಕೇಳಿದ್ದೀರಾ? ಆಂಪ್ (ಆಂಪ್ಲಿಫೈಯರ್) ಇಲ್ಲದೆ ಕೆಲಸಕ್ಕೆ ಬರಲ್ಲ ಅಂತಾರೆ.

ಓಮ್ ನಿಯಮ

ಅಷ್ಟೇನೂ ಇಲ್ಲ. 96 ಡೆಸಿಬೆಲ್‌ಗೆ ಅದಕ್ಕೆ ಅರ್ಧ ವೋಲ್ಟ್ ಬೇಕು. ಅದೇ ವೋಲ್ಟೇಜಿಗೆ 80 ಓಮಿಗಿಂತ ಐದು ಡೆಸಿಬೆಲ್ ಮೆಲ್ಲಗೆ, ಅಷ್ಟೇ. ಒಂದು ವೋಲ್ಟ್ ಕೊಡುವ ಸಣ್ಣ ಡಾಂಗಲ್ ಇದ್ದರೂ 100 ಡೆಸಿಬೆಲ್ ದಾಟುತ್ತದೆ, ಕಿವಿಗೆ ಧಾರಾಳ ಸಾಕು. ತೊಂದರೆ ಬರುವುದು ಹಳೇ ರೆಕಾರ್ಡಿಂಗ್‌ಗಳಲ್ಲಿ. ಮಾಸ್ಟರೇ ಮೆಲ್ಲಗೆ ಇರುತ್ತದೆ, ಆಲಾಪ ಶುರುವಾದಾಗ ವಾಲ್ಯೂಮ್ ಪೂರ್ತಿ ಏರಿಸಿದರೂ ಸಾಲುವುದಿಲ್ಲ. ನಿಮ್ಮದು ಅಂಥದ್ದೇ ಸಂಗೀತ ಆದ್ದರಿಂದ 80 ಓಮೇ ಇರಲಿ.

ತಾಳಮದ್ದಳೆಯವರಿಗೆ: ನೀವು ಇಕ್ಯೂ (ಬೇಕಾದ ಸ್ವರವನ್ನು ಮಾತ್ರ ಏರಿಸುವ, ಇಳಿಸುವ ಈಕ್ವಲೈಸರ್) ಬಗ್ಗೆ ಯೋಚನೆ ಮಾಡಿದ್ದೀರಾ? ಡಿಟಿ 770ರಲ್ಲಿ 8 ಕಿಲೋಹರ್ಟ್ಝ್ ಹತ್ತಿರ ನಾಲ್ಕೈದು ಡೆಸಿಬೆಲ್ ಇಳಿಸಿ ಕೇಳಿ. ಬೇರೆಯವರು ಬರೆದಿಟ್ಟ ಅಂಕಿಯನ್ನೇ ಕಣ್ಣು ಮುಚ್ಚಿ ಹಾಕಬೇಡಿ. ಮೇಲಿನ ಸ್ವರಗಳಲ್ಲಿ ಏರು ಎಲ್ಲಿ ಬರುತ್ತದೆ ಅನ್ನುವುದು ಕಿವಿಯ ಆಕಾರಕ್ಕೆ ತಕ್ಕ ಹಾಗೆ ಸ್ವಲ್ಪ ಆಚೀಚೆ ಆಗುತ್ತದೆ. 5ರಿಂದ 10 ಕಿಲೋಹರ್ಟ್ಝ್ ತನಕ ಟೋನನ್ನು ಮೆಲ್ಲಗೆ ಏರಿಸುತ್ತಾ ಹೋಗಿ, ಎಲ್ಲಿ ಚುಚ್ಚುತ್ತದೋ ಅಲ್ಲಿ ಇಳಿಸಿ. ಸದ್ದು ಮೆಲ್ಲಗೆ ಇಟ್ಟುಕೊಂಡು ಮಾಡಿ ಮಾರಾಯರೇ.

ಮಿಕ್ಸರ್ ಮಾವ

ಇಕ್ಯೂ ಹಾಕಿ ಹೆಡ್‌ಫೋನ್ ಸರಿ ಮಾಡುವುದಾದರೆ ಸರಿ ಇರುವ ಹೆಡ್‌ಫೋನೇ ತರಬಹುದಲ್ಲ.

ಓಮ್ ನಿಯಮ

ಸರಿ ಇರುವುದು ಕನ್ನಡಕದ ಮೇಲೆ ಕೂರಲ್ಲ ಅಂತಲೇ ಮಾವ ಇಷ್ಟೆಲ್ಲ ಮಾತು! ಟ್ರೆಬಲ್ ಜಾಸ್ತಿ ಇದ್ದರೆ ಇಕ್ಯೂನಲ್ಲಿ ಇಳಿಸಬಹುದು. ಸಂದಿಯಲ್ಲಿ ಸೋರಿದ ಬಾಸ್ ಇಕ್ಯೂನಿಂದ ಏರಿಸಿದರೆ ನಾಳೆ ಕನ್ನಡಕ ಸ್ವಲ್ಪ ಸರಿದು ಕೂತಾಗ ಅದೇ ಬಾಸ್ ಡಬಲ್ ಆಗುತ್ತದೆ. ದಿನಾ ಒಂದೇ ಥರ ಕೂರುವ ಹೆಡ್‌ಫೋನಿನ ದೋಷವನ್ನು ಮಾತ್ರ ತಿದ್ದಲು ಆಗುವುದು.

ತಾಳಮದ್ದಳೆ

ಈ ಮಾತು ಹಿಡಿಸಿತು. ನಿನ್ನೆ ರಾತ್ರಿ ಡಿಟಿ 770ಗೆ ಹಾಗೆ ಟೋನ್ ಓಡಿಸಿ ನೋಡಿದೆ. ನನ್ನ ಕಿವಿಗೆ ಚುಚ್ಚುವುದು 8ಕ್ಕಿಂತ ಸ್ವಲ್ಪ ಮೇಲೆ. ಅಲ್ಲಿ ಐದು ಡೆಸಿಬೆಲ್ ಇಳಿಸಿದೆ. ಚಕ್ರತಾಳ ತನ್ನ ಜಾಗಕ್ಕೆ ಹೋಯಿತು, ಭಾಗವತರು ಒಂದು ಹೆಜ್ಜೆ ಮುಂದೆ ಬಂದರು. ದನಿಯ ಕಡೆ ನಾನು ಏನೂ ಮುಟ್ಟಿರಲಿಲ್ಲ, ಮೇಲಿನ ಗಲಾಟೆ ಕಡಿಮೆ ಆದದ್ದಕ್ಕೇ ಅದು ಹಾಗೆ ಕೇಳಿತು.

ಇನ್ನೊಂದು ವಿಷಯ. ಅದೇ ತುಣುಕಿನಲ್ಲಿ ಅರ್ಥಧಾರಿಯ ಒಂದೆರಡು ‘ಶ’ ನಾಲ್ಕೂ ಹೆಡ್‌ಫೋನಿನಲ್ಲಿ ಚುಚ್ಚುತ್ತವೆ, ಇಕ್ಯೂ ಹಾಕಿದ ಮೇಲೂ.

ಮಿಕ್ಸರ್ ಮಾವ

ಅದು ಹೆಡ್‌ಫೋನ್ ಅಲ್ಲ, ಮೈಕ್. ಬಾಯಿಗೆ ನೇರ ಇಟ್ಟಿರುತ್ತೀಯ. ಸ್ವಲ್ಪ ಓರೆ ಮಾಡಿ, ಗಲ್ಲದ ಕಡೆಯಿಂದ ಇಡು. ಈಗ ಆಗಿಹೋದದ್ದಕ್ಕೆ ಆ ಅಕ್ಷರಗಳನ್ನು ಒಂದೊಂದಾಗಿ ಹಿಡಿದು ಗೇನ್ ಇಳಿಸು, ಸ-ಶ ತಾನಾಗಿ ಇಳಿಸುವ ಡಿ-ಎಸ್ಸರ್ ಪೂರ್ತಿ ಟ್ರ್ಯಾಕಿಗೆ ಎಳೆಯಬೇಡ. ಆ ಅಕ್ಷರ ಹುಡುಕಲು 7506 ಹಾಕಿಕೋ. ನಾನು ಹೇಳಿದ್ದೂ ಅದೇ.

ಕನ್ನಡಕದವಳು

ಅಂದರೆ ಎರಡು ಇಟ್ಟುಕೊಳ್ಳುವುದಾಯಿತು.

ತಾಳಮದ್ದಳೆ

7506 ನನ್ನದೇ ಅಕ್ಕ, ಅದು ಎಲ್ಲೂ ಹೋಗುವುದಿಲ್ಲ. ಎಂ50ಎಕ್ಸ್ ಮತ್ತು ಕೆ371 ಭಾನುವಾರ ವಾಪಸ್. ಡಿಟಿ 770 ಯಾರದೋ ಅವನು ಈಗ ಬ್ಲೂಟೂತ್‌ಗೆ ಬದಲಾಗಿದ್ದಾನಂತೆ. ಪ್ಯಾಡ್ ಚಪ್ಪಟೆ ಆಗಿದೆ ಅಂತ ಹೇಳಿ ಬೆಲೆ ಸ್ವಲ್ಪ ಇಳಿಸಲು ನೋಡುತ್ತೇನೆ. ಕಂಪನಿಯದ್ದೇ ಬೂದು ವೆಲೂರ್ ಪ್ಯಾಡ್ ಬೆಂಗಳೂರಲ್ಲಿ ಯಾರ ಹತ್ತಿರ ಸಿಗುತ್ತದೆ ಗೊತ್ತಿದ್ದರೆ ಹೇಳಿ, ಎಸ್‌ಪಿ ರೋಡ್‌ನಲ್ಲಿ ಒಂದು ಕಡೆ ಕೇಳಿದೆ, ‘ಇದೂ ಅದೇ ಸರ್’ ಅಂತ ಬೇರೆ ಏನನ್ನೋ ತೋರಿಸಿದರು.